ಕೊಟ್ಟಿಗೆಗೆ ಹೊಸಿಲಿಲ್ಲ

ನಮ್ಮ ಚುಕ್ಕಿ ನನ್ನ ಕೈಗೆ ಬಿಟ್ಟು ಬೇರೆ ಯಾರ ಕೈಗೂ ಹಾಲು ಇಳಿಸುತ್ತಿರಲಿಲ್ಲ. ಅಟ್ಟೂರಿನಲ್ಲಿ ಇದು ಬೀದಿ ನಾಯಿಗೂ ಗೊತ್ತಿತ್ತು. ಗೊತ್ತಿಲ್ಲದವರು ಒಬ್ಬರೇ, ನಮ್ಮ ಯಜಮಾನರು.

ಚುಕ್ಕಿ ಅಂದರೆ ನಮ್ಮ ಸೀಮೆಹಸು. ಮೈಯೆಲ್ಲ ಕಪ್ಪು, ಹಣೆಯಲ್ಲಿ ಕಾಸಗಲ ಬಿಳಿ. ಅದಕ್ಕೆ ಹುಲ್ಲು ಕೊಯ್ದು ತರುವವಳು ನಾನು, ಬೂಸಾ ಕಲಸುವವಳು ನಾನು, ಸಗಣಿ ಬಾಚುವವಳು ನಾನು. ಇನ್ನು ಮನೆಯೊಳಗಿನ ಕೆಲಸ ಹೇಳುವುದೇ ಬೇಡ. ಕೈಪಂಪಿನಿಂದ ನೀರು ಹೊರಬೇಕು, ಕೀಲು ಹಿಡಿದುಕೊಂಡಿರುವ ಅತ್ತೆಗೆ ಬಿಸಿನೀರು ಕಾಯಿಸಿ ಎರೆಯಬೇಕು, ಮಕ್ಕಳಿಬ್ಬರ ತಲೆ ಬಾಚಿ ಸ್ಕೂಲಿಗೆ ಅಟ್ಟಬೇಕು, ಮುದ್ದೆ ತೊಳಸಬೇಕು, ಯಜಮಾನರ ಖಾಕಿ ಬಟ್ಟೆಗೆ ಹತ್ತಿದ ಗ್ರೀಸು ತಿಕ್ಕಿ ತೆಗೆಯಬೇಕು. ಅವರಿಗೆ ಹೆಬ್ಬಾಳದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಬೆಳಿಗ್ಗೆ ಸೈಕಲ್ ಹತ್ತುವಾಗ ಹಾಲಿನ ಕ್ಯಾನನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು, ದಾರಿಯಲ್ಲಿ ಊರ ಸೊಸೈಟಿಗೆ ಸುರಿದು ಹೋಗುತ್ತಿದ್ದರು. ಹಾಲಿಗೂ ಅವರಿಗೂ ಇದ್ದ ಸಂಬಂಧ ಅಷ್ಟೇ. ಆದರೂ ಊರೆಲ್ಲ ಅದನ್ನು ಕರೆಯುತ್ತಿದ್ದದ್ದು 'ಮುನಿಕೃಷ್ಣಪ್ಪನ ಹಾಲು' ಎಂದು. ಗಂಡನ ಹೆಸರು ಹೇಳಬಾರದು ಅಂತಾರೆ, ಅದಕ್ಕೇ ಊರವರ ಬಾಯಲ್ಲಿ ಹೇಳಿಸಿದ್ದೇನೆ. ನನ್ನ ಹೆಸರು ಮುನಿಕೆಂಪಮ್ಮ. ಆ ಹೆಸರು ಹಿಡಿದು ಆ ಮನೆಯಲ್ಲಿ ಯಾರೂ ಕರೆದವರಲ್ಲ.

ಹಾಲು ಕರೆಯುವಾಗ ಹಸುವಿನ ಜೊತೆ ಮಾತಾಡುವುದು ನನ್ನ ಅಭ್ಯಾಸ. ಚುಕ್ಕಿಗಿಂತ ಮುಂಚೆ ಅದರ ತಾಯಿಯ ಜೊತೆ ಆಡುತ್ತಿದ್ದೆ. ಕರು ಬಿಟ್ಟು, ಕಟ್ಟಿ, ಕೆಚ್ಚಲು ತೊಳೆದು ಕೂತೆನೆಂದರೆ ಮಾತು ತಾನಾಗಿ ಬರುತ್ತಿತ್ತು.

"ಬಾ ನಮ್ಮವ್ವ, ಇಳ್ಸು. ಸೊಂಟ ಮುರ್ದೋಗ್ತೈತೆ ಕಣೆ. ಉಂಡ್ಯಾ ಅಂತ ಒಬ್ರು ಕೇಳಲ್ಲ ಕಣೆ ನನ್ನ. ನೀನಾದ್ರೂ ಕೇಳು."

ಚುಕ್ಕಿ ಕಿವಿ ಅಲ್ಲಾಡಿಸುತ್ತಿತ್ತು. ಹಾಲು ಜರ್ರೆಂದು ಬೀಳುತ್ತಿತ್ತು. ಯಜಮಾನರು ಅಲ್ಲೇ ಮಾರು ದೂರದಲ್ಲಿ, ಕೊಟ್ಟಿಗೆಯ ಕಂಬಕ್ಕೆ ಒರಗಿಕೊಂಡು ಬೇವಿನ ಕಡ್ಡಿ ಅಗಿಯುತ್ತ ಕ್ಯಾನಿಗೆ ಕಾಯುತ್ತಿದ್ದರು. ಒಂದು ದಿನವೂ ತಿರುಗಿ ನೋಡಿದವರಲ್ಲ. ಮೊದಮೊದಲು ನನಗೆ ಕೆಟ್ಟ ಸಿಟ್ಟು ಬರುತ್ತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತಲ್ಲ ನನ್ನ ಬಾಳು ಎಂದು ಅತ್ತದ್ದೂ ಉಂಟು. ಆಮೇಲೆ ಪಕ್ಕದ ಮನೆಯ ಸುಗ್ರಾ ಒಂದು ಮಾತು ಹೇಳಿದಳು. ಸೌದೆ ಡಿಪೋ ಖಾದರ್ ಬಾಷಾ ಅವರ ಹೆಂಡತಿ ಅವಳು, ಕಷ್ಟಕ್ಕೂ ಸುಖಕ್ಕೂ ನನಗೆ ಅವಳೇ.

"ಮೆಷಿನ್ ಹತ್ರ ಕೆಲಸ ಮಾಡೋ ಗಂಡಸ್ರಿಗೆ ಕಿವಿ ಮಂದ ಆಗ್ಬಿಡ್ತದೆ ಅಕ್ಕಾ. ನಮ್ಮಣ್ಣನ್ದೂ ಹಂಗೇ. ಪಾಪ, ಅವರ್ಗೆ ಕೇಳಿಸ್ತಾನೇ ಇಲ್ವೇನೋ."

ಹೌದಲ್ಲ ಅನ್ನಿಸಿತು. ಕೇಳಿಸದವರ ಮೇಲೆ ಏನು ಸಿಟ್ಟು ಮಾಡುವುದು? ಆ ಒಂದು ಸಮಾಧಾನದ ಮೇಲೆ ಹನ್ನೆರಡು ವರ್ಷ ಸಂಸಾರ ಮಾಡಿದೆ.

ಎಂಬತ್ತಮೂರರ ಬೇಸಿಗೆಯಲ್ಲಿ ಸೊಸೈಟಿಯವರು ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ ವಾರ್ಷಿಕೋತ್ಸವ ಮಾಡಿದರು. ವರ್ಷದಲ್ಲಿ ಎಲ್ಲರಿಗಿಂತ ಹೆಚ್ಚು ಹಾಲು ಹಾಕಿದವರಿಗೆ ಸನ್ಮಾನ. ಮೈಕಿನಲ್ಲಿ ಯಜಮಾನರ ಹೆಸರು ಕೂಗಿದರು. ಹೆಂಗಸರ ಸಾಲಿನಲ್ಲಿ ಸುಗ್ರಾ ಪಕ್ಕ ಕೂತಿದ್ದ ನನಗೆ, ಸುಳ್ಳೇಕೆ ಹೇಳಲಿ, ಎದೆ ಉಬ್ಬಿತು. ನನ್ನನ್ನೂ ಮೇಲೆ ಕರೆದುಬಿಟ್ಟರೆ ಎಂದು ಹೆದರಿ ಉಗುರಿನಲ್ಲಿ ಸಗಣಿ ಉಳಿದಿದೆಯೇ ಅಂತ ನೋಡಿಕೊಂಡೆ. ಎಂಥಾ ಹುಚ್ಚಿ ನಾನು!

ಹಾರ ಹಾಕಿದರು, ಶಾಲು ಹೊದಿಸಿದರು. ಅಧ್ಯಕ್ಷ ರಾಮಕೃಷ್ಣಪ್ಪನವರು ತಮಾಷೆಗೆಂದು ಮೈಕನ್ನು ಇವರ ಬಾಯಿಗೆ ಹಿಡಿದರು.

"ಏನಪ್ಪಾ, ಒಂದೇ ಹಸೂನಲ್ಲಿ ಇಷ್ಟೊಂದು ಹಾಲು! ಗುಟ್ಟೇನು ಸ್ವಲ್ಪ ಹೇಳು."

ಇವರು ಬಲಗೈ ಎತ್ತಿ ಜನಕ್ಕೆಲ್ಲ ತೋರಿಸಿದರು. "ಎಲ್ಲಾ ಕೈಗುಣ ಸ್ವಾಮಿ!"

ಚಪ್ಪಾಳೆಯೋ ಚಪ್ಪಾಳೆ. ಒಂದು ದಿನಕ್ಕೂ ಕೆಚ್ಚಲು ಮುಟ್ಟದ ಕೈ ಅದು.

"ಮನೆಯವರೂ ಜೊತೆಗೆ ಕೈ ಹಾಕ್ತಾರೇನು?"

"ಅವಳೇನ್ ಮಾಡ್ತಾಳೆ ಬುಡಿ ಸ್ವಾಮಿ. ಸುಮ್ಕೆ ಮನೇಲಿರ್ತಾಳೆ."

ಜನ ನಕ್ಕರು. ಸುಗ್ರಾ ನನ್ನ ಮೊಣಕೈ ಹಿಡಿದುಕೊಂಡಳು. ಸುಮ್ಕೆ ಅಂತೆ. ನಾನು ಸುಮ್ಮನೆ ಇದ್ದರೆ ಆ ಮನೆಯಲ್ಲಿ ಒಲೆ ಹತ್ತುವುದಿಲ್ಲ, ದೀಪ ಉರಿಯುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರೆ ನಿಜ. ಆದರೆ ಹಿತ್ತಲ ಗಿಡವನ್ನು ಕಿತ್ತು ತಮ್ಮ ಹೆಸರು ಹೇಳಿ ಮಾರುವವರನ್ನು ನಾನು ಅವತ್ತೇ ನೋಡಿದ್ದು. ಇಷ್ಟು ಹೊತ್ತೂ ನಾನು ಬಯಸಿದ್ದು ಶಾಲಲ್ಲ, ಹಾರವಲ್ಲ. 'ನಮ್ಮನೇಲಿ ಅವಳು ನೋಡ್ಕೊಳ್ತಾಳೆ' ಎಂಬ ಒಂದೇ ಒಂದು ಮಾತು.

ಮನೆಗೆ ಬಂದವರು ಶಾಲನ್ನು ಗೂಟಕ್ಕೆ ಹಾಕಿ ಉಣ್ಣಲು ಕೂತರು. ಎರಡು ತುತ್ತು ನುಂಗಿ ಮುಖ ಸಿಂಡರಿಸಿದರು.

"ಸಾರಿಗೆ ಉಪ್ಪು ಜಾಸ್ತಿ ಆಗೈತೆ."

ಅವತ್ತು ಅವರು ನನ್ನ ಜೊತೆ ಆಡಿದ ಮಾತು ಅದೊಂದೇ.

ಮಾರನೆಯ ಬೆಳಿಗ್ಗೆ ಹಾಲು ಕರೆದು ಕ್ಯಾನು ಕೈಗಿತ್ತೆ. ಅವರ ಸೈಕಲ್ಲು ತಿರುವು ದಾಟಿದ ಮೇಲೆ ಎರಡು ಸೀರೆ ಚೀಲಕ್ಕೆ ತುಂಬಿದೆ. ಮಕ್ಕಳು ಆಗಲೇ ಬೇಸಿಗೆ ರಜೆಗೆಂದು ಚಿಕ್ಕಬಾಣಾವರದ ನಮ್ಮಣ್ಣನ ಮನೆಯಲ್ಲಿದ್ದರು. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ನಮ್ಮತ್ತೆ ದೊಡ್ಡಮುನಿಯಮ್ಮ ಚೀಲ ನೋಡಿದರು.

"ಎಲ್ಲಿಗೆ?"

"ಅಣ್ಣನ ಮನೆಗೆ. ನಿಮ್ಮ ಮಗನ ಬಾಯಿಂದ ನನಗೇಂತ ಒಂದ್ ಮಾತು ಬರೋಗಂಟ ಈ ಮನೆ ಹೊಸಿಲು ತುಳಿಯಲ್ಲ ಕಣತ್ತೆ. ಆಣೆ ಮಾಡಿ ಹೇಳ್ತಿದೀನಿ."

ಬಯ್ಯುತ್ತಾರೆ ಅಂದುಕೊಂಡೆ. ಅತ್ತೆ ತಮ್ಮ ಮೊಣಕಾಲು ನೀವಿಕೊಂಡರು.

"ಓಗು. ಅವರಪ್ಪನ್ ಕಾಲದಾಗೆ ನಾನೂ ಚೀಲ ತುಂಬಿದ್ದೆ, ಓಗ್ಲಿಲ್ಲ. ನೀನಾದ್ರೂ ಓಗು. ನನ್ ಗಂಜಿ ನಾನ್ ಕಾಯಿಸ್ಕಂತೀನಿ."

ಕೊಟ್ಟಿಗೆಯ ಕಡೆ ಮಾತ್ರ ನಾನು ನೋಡಲಿಲ್ಲ. ಚುಕ್ಕಿಯ ಮುಖ ಕಂಡಿದ್ದರೆ ಕಾಲು ಏಳುತ್ತಿರಲಿಲ್ಲ.

ಅಣ್ಣನ ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಅತ್ತಿಗೆ ಕಾಫಿ ಕಾಯಿಸಿ ಕೈಗೆ ಕೊಟ್ಟಳು. ಮದುವೆಯಾದ ಮೇಲೆ ಬೇರೆಯವರು ಕಾಯಿಸಿದ ಕಾಫಿ ಕೂತು ಕುಡಿದದ್ದು ನೆನಪಿಲ್ಲ. ಮಲಗು ಅಂದರು, ಮಲಗಿದೆ. ಬೆಳಗಿನ ಜಾವಕ್ಕೆ ಎಚ್ಚರವಾದಾಗ ಬೆರಳುಗಳು ತಮ್ಮಷ್ಟಕ್ಕೆ ಮಡಚಿ ಬಿಚ್ಚಿ ಮಾಡುತ್ತಿದ್ದವು, ಹಾಲು ಕರೆಯುವ ಹಾಗೆ. ಕೈಯನ್ನು ದಿಂಬಿನ ಕೆಳಗೆ ಒತ್ತಿಕೊಂಡೆ. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಬಾಗಿಲು ಕಾಯ್ದೆ. ಯಾರು ಬರುತ್ತಾರೆ!

ಬಂದವಳು ಸುಗ್ರಾ. ಮಾಕಳಿಯ ತಮ್ಮನ ಮನೆಗೆ ಹೊರಟವಳು ದಾರಿ ಬಿಟ್ಟು ಅಣ್ಣನ ಮನೆ ಹುಡುಕಿಕೊಂಡು ಬಂದಿದ್ದಳು. ಬಂದವಳೇ ಬುರ್ಖಾದ ಮುಸುಕು ಎತ್ತಿ ನಗಲು ಶುರು ಮಾಡಿದಳು.

"ಯಾ ಅಲ್ಲಾ, ಏನ್ ಹೇಳ್ಲಿ ಅಕ್ಕಾ! ಮೊದಲ್ನೇ ದಿನ ನಿಮ್ಮ ಯಜಮಾನ್ರು ಕೂತ್ರು. ಚುಕ್ಕಿ ಬಕೆಟ್ ಸಮೇತ ಒದ್ದು ಕೆಡವ್ತು. ಆಮೇಲೆ ಬೈರಣ್ಣನ್ನ ಕರ್ಕೊಂಡ್ ಬಂದ್ರು. ಊರಲ್ಲಿ ಅವನಿಗಿಂತ ಚೆನ್ನಾಗಿ ಕರಿಯೋರಿಲ್ಲ, ಅವನಿಗೂ ಒಂದು ತೊಟ್ಟು ಬಿಡ್ಲಿಲ್ಲ. ಅವ್ನೇ ಹೇಳಿದ್ದಂತೆ, ಹೆಂಗಸಿನ ಕೈ ರೂಢಿ ಆಗಿರೋ ಹಸು, ಆಯಮ್ಮನ ಸೀರೆ ಉಟ್ಕೊಂಡು ಕೂತ್ಕೋ, ವಾಸನೆಗೆ ಇಳಿಸ್ತದೆ ಅಂತ. ಇವತ್ತು ಬೆಳಿಗ್ಗೆ ಗೋಡೆ ಮೇಲಿಂದ ನೋಡ್ತೀನಿ, ನಿಮ್ಮ ಹಳೇ ಹಸಿರು ಸೀರೆ, ತಲೆ ಮೇಲೆ ಸೆರಗು, ಕೆಳಗೆ ಖಾಕಿ ಪ್ಯಾಂಟು!"

ಅತ್ತಿಗೆ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೈಗುಣವಂತೆ ಕೈಗುಣ, ತೊಳೆದುಕೊಳ್ಳಲಿ ಈಗ ಆ ಕೈ.

"ಆಮೇಲೆ? ಇಳಿಸ್ತಾ?"

ಸುಗ್ರಾಳ ನಗು ನಿಂತಿತು. "ಎಲ್ಲಿ ಅಕ್ಕಾ. ಮೂರು ದಿನದಿಂದ ಕರು ಕುಡಿದಷ್ಟೇ. ಕೆಚ್ಚಲು ಕಲ್ಲಾಗಿದೆ, ಮುಟ್ಟಿದ್ರೆ ಕೂಗ್ತದೆ. ಬಾವು ಬಂದ್ರೆ ಹಸು ಕೈ ಬಿಟ್ಟು ಹೋಗ್ತದೆ ಅಂದ ಬೈರಣ್ಣ. ಅದಕ್ಕೇ ಬಂದೆ."

ಬಾಯಿಲ್ಲದ ಪ್ರಾಣಿ ಅದು. ನನ್ನನ್ನು ಯಾವತ್ತೂ ಸುಮ್ಕೆ ಅನ್ನದ ಜೀವ ಆ ಮನೆಯಲ್ಲಿ ಅದೊಂದೇ. ಅದರ ಮೇಲೆ ನನಗೇನು ಹಟ? ಆದರೆ ಆಣೆ ಮಾಡಿ ಬಂದಿದ್ದೆ. ಮಾತಿಲ್ಲದೆ ಹೋಗಿ ಹೊಸಿಲು ತುಳಿದರೆ, ಸತ್ತರೂ ಅವರ ಬಾಯಿಂದ ಆ ಮಾತು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

"ನಾನು ಆ ಹೊಸಿಲು ತುಳಿಯಲ್ಲ ಸುಗ್ರಾ," ಎಂದೆ. ಹೇಳುವಾಗಲೇ ಅಳು ಬಂತು.

ಸುಗ್ರಾ ನನ್ನ ಮುಖವನ್ನೇ ನೋಡಿದಳು. "ಮನೆ ಹೊಸಿಲು ತಾನೇ ಅಕ್ಕಾ? ಕೊಟ್ಟಿಗೆಗೆ ಹೊಸಿಲು ಎಲ್ಲಿದೆ?"

ಯಶವಂತಪುರದಲ್ಲಿ ಬಸ್ಸು ಬದಲಿಸಿ, ಯಲಹಂಕದಲ್ಲಿ ಇಳಿದು, ನಡೆದು ಅಟ್ಟೂರು ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಹಾಲು ಕರೆಯುವ ಸಮಯ. ಮನೆಯ ಮುಂದಿನಿಂದ ಹೋಗದೆ ಹಿತ್ತಲ ಬೇಲಿ ಸರಿಸಿ ಬಂದೆ. ಜಗಲಿಯ ತುದಿಯಲ್ಲಿ ಕೂತಿದ್ದ ಅತ್ತೆ ನನ್ನನ್ನು ಕಂಡರು. ಗದ್ದ ಎತ್ತಿ ಕೊಟ್ಟಿಗೆಯ ಕಡೆ ತೋರಿಸಿದರು.

ನಾನು ಕಂಬದ ಹಿಂದೆ ನಿಂತೆ. ದಿನಾ ಅವರು ನಿಲ್ಲುತ್ತಿದ್ದ ಕಂಬ. ಅವರು ನನ್ನ ಹಸಿರು ಸೀರೆ ಸುತ್ತಿಕೊಂಡು ನನ್ನ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಬೆನ್ನು ನನ್ನ ಕಡೆಗಿತ್ತು. ಗಂಟಲು ಸಣ್ಣದು ಮಾಡಿಕೊಂಡು ಹೆಣ್ಣುದನಿಯಲ್ಲಿ ಚುಕ್ಕಿಯನ್ನು ರಮಿಸುತ್ತಿದ್ದರು. ಸೆರಗು ಕಚ್ಚಿ ನಗು ತಡೆದುಕೊಂಡೆ.

"ಬಾ ನಮ್ಮವ್ವ, ಇಳ್ಸು. ಸೊಂಟ ಮುರ್ದೋಗ್ತೈತೆ ಕಣೆ. ಉಂಡ್ಯಾ ಅಂತ ಒಬ್ರು ಕೇಳಲ್ಲ ಕಣೆ ನನ್ನ..."

ನನ್ನ ನಗು ಅಲ್ಲೇ ನಿಂತುಹೋಯಿತು.

"...ನೀನಾದ್ರೂ ಕೇಳು. ಇವತ್ತಿಗೆ ನಮ್ಮಪ್ಪ ಸತ್ತು ಒಂದ್ ವರ್ಷ ಆತು ಕಣೆ ಚುಕ್ಕಿ. ಈ ಮನೇಲಿ ಯಾರ್ಗೂ ಗ್ಯಾನ ಇಲ್ಲ. ಅಳಾಕೂ ಪುರುಸೊತ್ತಿಲ್ಲ ಕಣೆ ನಂಗೆ."

ನಮ್ಮಪ್ಪನ ಬಗ್ಗೆ ಆ ಮಾತನ್ನು ನಾನು ಆಡಿದ್ದು ಒಂದೇ ಒಂದು ಸಲ. ಅವತ್ತು ಬೆಳಿಗ್ಗೆ ಇವರು ಈ ಕಂಬಕ್ಕೆ ಒರಗಿ ಕಡ್ಡಿ ಅಗಿಯುತ್ತಿದ್ದರು. ಕ್ಯಾನು ತೆಗೆದುಕೊಂಡು ಸೈಕಲ್ ಹತ್ತಿ ಹೋಗಿದ್ದರು.

ಕೇಳಿಸಿತ್ತು. ಎಲ್ಲವೂ ಕೇಳಿಸಿತ್ತು. ಒಂದಕ್ಷರ ಬಿಡದೆ ಕೇಳಿಸಿತ್ತು.

ಚುಕ್ಕಿ ಕತ್ತು ತಿರುಗಿಸಿ ನನ್ನನ್ನು ನೋಡಿತು. ಅಂಬಾ ಅಂತು. ಮರುಕ್ಷಣ ಬಕೆಟ್ಟಿಗೆ ಹಾಲು ಜರ್ರೆಂದು ಬಿತ್ತು.

"ಇಳ್ಸ್ತು! ಅವ್ವೋ, ಇಳ್ಸ್ತು ಕಣವ್ವೋ! ನನ್ ಕೈಗೆ ಇಳ್ಸ್ತು!" ಎಂದು ಅವರು ತಮ್ಮ ದನಿಯಲ್ಲೇ ಕೂಗಿಕೊಂಡರು.

"ಕೇಳಿಸ್ತಿತ್ತಾ ನಿಮ್ಗೆ?" ಎಂದೆ ನಾನು.

ಅವರು ಬೆಚ್ಚಿ ತಿರುಗಿದರು. ತಲೆಯ ಮೇಲೆ ನನ್ನ ಸೆರಗು, ಅದರ ಕೆಳಗೆ ಮೂರು ದಿನದ ಗಡ್ಡ. ಬೇರೆ ದಿನವಾಗಿದ್ದರೆ ಉರುಳಾಡಿ ನಗಬೇಕಾದ ವೇಷ.

"ಏನು?"

"ನಾನು ದಿನಾ ಮಾತಾಡ್ತಿದ್ದಿದ್ದು. ಕೇಳಿಸ್ತಿತ್ತಾ?"

"ಊಂ. ಇಲ್ಲೇ ನಿಂತಿರ್ತಿದ್ನಲ್ಲ."

"ಕೇಳಿಸ್ತಿದ್ರೆ ಮತ್ತೆ ಯಾಕೆ ಒಂದ್ ಮಾತು..."

ಅವರು ಚುಕ್ಕಿಯನ್ನು ನೋಡಿದರು, ನನ್ನನ್ನು ನೋಡಿದರು. ನಾಟಕವೇನೂ ಇರಲಿಲ್ಲ ಆ ಮುಖದಲ್ಲಿ.

"ಅಸುಗೆ ಯೋಳ್ತಿದ್ದೀಯ ಅಂದ್ಕಂಡೆ."

ನನ್ನ ಮೈಯೆಲ್ಲ ಉರಿದುಹೋಯಿತು. ಕಿವುಡನನ್ನು ಕಟ್ಟಿಕೊಂಡಿದ್ದರೆ ಹಣೆಬರಹ ಅನ್ನಬಹುದಿತ್ತು. ಇದಕ್ಕೆ ಏನನ್ನುವುದು? ಅವರು ಎದ್ದು ಸೀರೆ ಬಿಚ್ಚಲು ಹೋದರು.

"ಬಿಚ್ಚಬ್ಯಾಡಿ," ಎಂದೆ. ಅಷ್ಟು ಗಟ್ಟಿಯಾಗಿ ಅವರ ಮುಂದೆ ನಾನು ಎಂದೂ ಮಾತಾಡಿರಲಿಲ್ಲ. "ಅಂಗೇ ಇರ್ಲಿ. ಕರು ಇಡ್ಕಂಡು ಅಲ್ಲೇ ಕುಂತ್ಕಳಿ."

ಕೂತರು. ನಾನು ನನ್ನ ಜಾಗದಲ್ಲಿ ಕೂತು ಕೆಚ್ಚಲು ತೊಳೆದೆ. ಕಾದ ಹೆಂಚಿನಂತಿತ್ತು. ಹಾಗೇ ಮೆಲ್ಲಗೆ ನೀವಿ ನೀವಿ ಕರೆಯತೊಡಗಿದೆ. ಚುಕ್ಕಿ ನೋವಿಗೆ ಕಾಲು ಎತ್ತಿತು, ಒದೆಯಲಿಲ್ಲ. ಕಿವಿಯನ್ನು ನನ್ನ ಕಡೆ ತಿರುಗಿಸಿ ಕಾಯುತ್ತಿತ್ತು, ನನ್ನ ಮಾತಿಗೆ.

"ಇದು ಚುಕ್ಕಿಗಲ್ಲ," ಎಂದೆ. "ನಿಮ್ಗೆ ಹೇಳ್ತಿದೀನಿ. ನನಗೆ ನೋಯ್ತೈತೆ."

ಜಗಲಿಯ ಮೇಲೆ ಅತ್ತೆ ಕತ್ತು ಚಾಚಿ ಕಿವಿಗೊಟ್ಟಿದ್ದರು. ಯಜಮಾನರು ಕರುವಿನ ಕತ್ತು ತಬ್ಬಿಕೊಂಡು, ನನ್ನ ಸೆರಗಿನ ತುದಿಯಲ್ಲಿ ಮುಖ ಒರೆಸಿಕೊಂಡರು.

"ಎಲ್ಲಿ ಕೆಂಪಮ್ಮ?" ಎಂದರು ಕೊನೆಗೆ. "ಎಲ್ಲಿ ನೋಯ್ತೈತೆ?"

ಹನ್ನೆರಡು ವರ್ಷ ಕಾದ ಮಾತು. ತೋರಿಸೋಣವೆಂದರೆ ನನ್ನ ಕೈಗೆ ಬಿಡುವಿರಲಿಲ್ಲ.