ಮೂರನೇ ನಂಬರಿನ ಕುದುರೆ

ಕುದುರೆ ವಿಜ್ಞಾನದ ಮೂರನೇ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲಾದವರಿಗೆ ಇನ್ನೊಂದೇ ಅವಕಾಶ. ಅದರಲ್ಲೂ ಫೇಲಾದರೆ ಗಂಟುಮೂಟೆ ಕಟ್ಟಬೇಕು. ವಿಶ್ವವಿದ್ಯಾಲಯದ ನಿಯಮಾವಳಿ ಇದನ್ನು ಬಹಳ ಸಭ್ಯವಾಗಿ ಹೇಳುತ್ತಿತ್ತು. ಹಾಸ್ಟೆಲಿನವರು ಇದನ್ನು ‘ಎರಡನೇ ಒದೆ’ ಅನ್ನುತ್ತಿದ್ದರು. ಕುದುರೆ ಒದ್ದರೆ ಮೂರು ವಾರ ರಜೆ ಸಿಗುತ್ತದೆ, ಇದು ಒದ್ದರೆ ಕಾಯಂ ರಜೆ.

ಟೇಪು ಒಂದು ಸಲ ಫೇಲಾಗಿದ್ದಳು.

ಈ ಹೆಸರು ಅವಳಿಗೆ ಮೊದಲ ವಾರವೇ ಅಂಟಿಕೊಂಡಿತ್ತು. ಅವಳ ಅಮ್ಮ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಕೂತು ಶಾಲಾಮಕ್ಕಳ ಯೂನಿಫಾರಂ ಹೊಲಿಯುವವಳು. ಟೇಪು ಮೊದಲ ಸಲ ಕುದುರೆಯನ್ನು ಹತ್ತಿರದಿಂದ ನೋಡಿದ್ದು ಹದಿನೆಂಟರಲ್ಲಿ, ಅಡ್ಮಿಷನ್ನಿನ ದಿನ. ಎದೆಯ ಸುತ್ತಳತೆ ತೆಗೆದು ಕುದುರೆಯ ತೂಕ ಅಂದಾಜು ಮಾಡುವುದು ಮೊದಲ ಪ್ರಾಕ್ಟಿಕಲ್. ಅಳತೆ ತಾನೇ ಎಂದುಕೊಂಡು ಇವಳು ಅಮ್ಮನ ಟೇಪನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದಳು. ನೂರೈವತ್ತು ಸೆಂಟಿಮೀಟರಿಗೆ ಟೇಪು ಮುಗಿಯಿತು, ಕುದುರೆ ಮುಗಿಯಲಿಲ್ಲ. ಅವಳು ಎರಡೂ ತುದಿ ಹಿಡಿದುಕೊಂಡು ಕುದುರೆಯ ಹೊಟ್ಟೆಗೆ ಕಿವಿಯೊತ್ತಿ ನಿಂತಿದ್ದ ಚಿತ್ರ ಇಡೀ ತರಗತಿಯ ಫೋನುಗಳಲ್ಲಿ ಓಡಾಡಿತು.

ಓದಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕುದುರೆಗೆ ವಾಂತಿ ಯಾಕೆ ಆಗುವುದಿಲ್ಲ, ತಿಂದ ಹುಲ್ಲು ದೊಡ್ಡ ಕರುಳಿನಲ್ಲಿ ಎಷ್ಟು ಹೊತ್ತು ಹುದುಗುತ್ತದೆ, ಹಾಲೂಡುವ ಕುದುರೆಗೆ ದಿನಕ್ಕೆ ಎಷ್ಟು ಕಾಳು ಹಾಕಬೇಕು, ಯಾವುದನ್ನು ಕೇಳಿದರೂ ಒಂದೇ ಉಸಿರಿಗೆ ಬರೆದು ಕೊಡುತ್ತಿದ್ದಳು. ಕುಂಟು ಪರೀಕ್ಷೆಯಲ್ಲಿ ಮಾತ್ರ ಕುರುಡಿ. ಕುದುರೆಯನ್ನು ಕಾಂಕ್ರೀಟಿನ ಮೇಲೆ ಓಡಿಸುತ್ತಾರೆ, ನೋವು ಯಾವ ಕಾಲಿನಲ್ಲಿದೆ ಎಂದು ಹೇಳಬೇಕು. ಮಿಕ್ಕವರು ತಲೆಯಾಡಿಸುತ್ತ ಏನೋ ಬರೆದುಕೊಳ್ಳುವರು. ಇವಳಿಗೆ ಕಾಣುತ್ತಿದ್ದದ್ದು ಒಂದು ಕಂದು ವಸ್ತು ಹೋಯಿತು, ಒಂದು ಕಂದು ವಸ್ತು ಬಂತು, ಅಷ್ಟೇ. ಕಳೆದ ವರ್ಷ ಬಾಯಿಗೆ ಬಂದದ್ದನ್ನು ಹೇಳಿದಳು. ಪ್ರೊಫೆಸರು ಸೊನ್ನೆ ಸುತ್ತಿದರು.

ಆಮೇಲೆ ಅವಳು ಲಾಯದ ದೊಡ್ಡಮ್ಮನ ಕಾಲು ಹಿಡಿದಳು.

ದೊಡ್ಡಮ್ಮ ಇಪ್ಪತ್ತಾರು ವರ್ಷದಿಂದ ಅಲ್ಲಿ ಲದ್ದಿ ಬಾಚಿ, ಮೈ ತಿಕ್ಕಿ, ನೀರು ಕುಡಿಸಿ ಬದುಕಿದವಳು. ಅವಳಿಗೆ ಡಿಗ್ರಿಯವರೆಂದರೆ ಗೌರವವೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಬಾಗಿಲು ಸರಿಯಾಗಿ ಹಾಕದ ಜನ ಎಂಬ ತಕರಾರಷ್ಟೇ ಇತ್ತು. ದಿನಾ ಬೆಳಿಗ್ಗೆ ಆರಕ್ಕೆ ಟೇಪು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುವಳು. ದೊಡ್ಡಮ್ಮ ಚಿಕಿತ್ಸೆಗೆ ಬಂದ ಕುದುರೆಗಳನ್ನು ಒಂದೊಂದಾಗಿ ಅವಳ ಮುಂದೆ ಓಡಿಸುವಳು.

ಮೊದಲ ದಿನವೇ ಅವಳು ಹೇಳಿದ್ದಳು. "ಕಣ್ಣು ಮುಚ್ಕೋ. ಓದಿ ಓದಿ ಅವು ಕೆಟ್ಟಿವೆ."

ಓಡುವ ಕುದುರೆ ಕಾಲುಗಳನ್ನು ಜೋಡಿಜೋಡಿಯಾಗಿ ಊರುತ್ತದೆ, ಒಂದು ಮುಂಗಾಲಿನ ಜೊತೆಗೆ ಎದುರು ಮಗ್ಗುಲಿನ ಹಿಂಗಾಲು. ಹಾಗಾಗಿ ಕೇಳುವುದು ಎರಡೇ ಸದ್ದು. ಆರೋಗ್ಯವಾಗಿದ್ದರೆ ಎರಡೂ ಒಂದೇ ತೂಕದವು. ನೋವಿರುವ ಕಾಲನ್ನು ಅದು ಮೆಲ್ಲಗೆ ಊರುತ್ತದೆ, ಆ ಸದ್ದು ಒಂದು ಕೂದಲೆಳೆಯಷ್ಟು ಸಣ್ಣದು. ಮೊದಲು ಆ ಸಣ್ಣ ಸದ್ದನ್ನು ಹಿಡಿ, ಆಮೇಲೆ ಕಣ್ಣು ಬಿಟ್ಟು ಆಗ ನೆಲಕ್ಕೆ ಬೀಳುವುದು ಯಾವ ಕಾಲು ನೋಡು. ದೊಡ್ಡಮ್ಮನ ಪಾಠ ಇಷ್ಟೇ. ತಲೆಯ ವಿಷಯ ಪುಸ್ತಕದಲ್ಲೇ ಇತ್ತು. ನೋವಿನ ಮುಂಗಾಲು ಊರಿದಾಗ ಕುದುರೆ ತಲೆ ಎತ್ತುತ್ತದೆ, ಗಟ್ಟಿ ಕಾಲು ಊರಿದಾಗ ತಗ್ಗಿಸುತ್ತದೆ. ಇದನ್ನು ಬಾಯಿಪಾಠ ಮಾಡದ ವಿದ್ಯಾರ್ಥಿ ಇಲ್ಲ, ಓಡುವ ಕುದುರೆಯ ಮುಂದೆ ನಿಂತಾಗ ಇದನ್ನು ತಲೆಕೆಳಗು ಮಾಡದ ವಿದ್ಯಾರ್ಥಿಯೂ ಕಡಿಮೆ.

ಮೂರು ತಿಂಗಳು ಟೇಪು ಹೇಳಿದ್ದೆಲ್ಲ ತಪ್ಪು. "ನಾಲ್ಕೇ ಕಾಲು ಇರೋದು ಕಣೇ," ಅಂದಳು ದೊಡ್ಡಮ್ಮ ಒಂದು ದಿನ. "ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ರೂ ನಾಲ್ಕರಲ್ಲಿ ಒಂದು ಸರಿ ಆಗ್ಬೇಕು. ನೀನು ಅದಕ್ಕೂ ಕಡೆ." ಟೇಪು ಅತ್ತಳು. ದೊಡ್ಡಮ್ಮ ಅವಳ ಕೈಗೆ ಸಲಿಕೆ ಕೊಟ್ಟು, ಅಳುವವರು ಅಳುತ್ತಲೇ ಎರಡನೇ ಕೋಣೆ ಬಾಚಬಹುದು ಎಂದಳು. ನಾಲ್ಕನೇ ತಿಂಗಳು ಹತ್ತಕ್ಕೆ ಐದು ಸರಿಯಾಯಿತು. ವರ್ಷದ ಕೊನೆಗೆ ಹತ್ತಕ್ಕೆ ಒಂಬತ್ತು.

ಇಷ್ಟೆಲ್ಲ ಕಷ್ಟಪಡುವ ಅಗತ್ಯವೇ ಇರಲಿಲ್ಲ. ಕಾಲೇಜಿನಲ್ಲಿ ಒಂದು ಹಳದಿ ಪುಸ್ತಕ ಇತ್ತು.

ಪಾಠಕ್ಕೆಂದು ಇಟ್ಟ ಕುಂಟು ಕುದುರೆಗಳು ಒಟ್ಟು ಐದು. ಪ್ರತಿ ವರ್ಷ ಪರೀಕ್ಷೆಗೆ ಬರುವವೂ ಅವೇ. ಹಿರಿಯರು ಅವುಗಳ ಉತ್ತರ ಬರೆದಿಟ್ಟು ಕಿರಿಯರಿಗೆ ಕೊಡುತ್ತಿದ್ದರು. ಜೆರಾಕ್ಸಿನ ಜೆರಾಕ್ಸು ಮಾಡಿ ಅಕ್ಷರಗಳು ಇರುವೆ ಸಾಲಿನಂತಾಗಿದ್ದವು. ಮೂರನೇ ನಂಬರು ಒಂದು ದೊಡ್ಡ ಕಂದು ಕುದುರೆ. ಎಲ್ಲರ ಮಾತನ್ನೂ ಗಂಭೀರವಾಗಿ ಕೇಳಿ ಏನೂ ಮಾಡದೆ ನಿಲ್ಲುತ್ತಿದ್ದದ್ದರಿಂದ ಅದಕ್ಕೆ ಪ್ರಿನ್ಸಿಪಾಲ ಎಂದು ಹೆಸರು. ಅದರ ಮುಂದೆ ಬರೆದಿದ್ದದ್ದು: ಎಡ ಮುಂಗಾಲು, ಹಿಮ್ಮಡಿಯ ಹಳೇ ನೋವು. ಏಳು ವರ್ಷದಿಂದ ಅದೇ ಉತ್ತರ, ಏಳು ವರ್ಷದಿಂದ ಪೂರ್ತಿ ಅಂಕ. ಕಳೆದ ವರ್ಷ ಟೇಪು ಜಂಬದಿಂದ ಆ ಪುಸ್ತಕವನ್ನು ಮುಟ್ಟಿರಲಿಲ್ಲ. ಈ ವರ್ಷ ಜಂಬ ಉಳಿದಿರಲಿಲ್ಲ. ಐದನ್ನೂ ಗಿಳಿಪಾಠ ಒಪ್ಪಿಸುವಷ್ಟು ಉರು ಹೊಡೆದಿದ್ದಳು.

ಪರೀಕ್ಷೆಯ ಬೆಳಿಗ್ಗೆ ಒಂಬತ್ತು ಜನ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದರು. ಉಳಿದ ಎಂಟೂ ಜನ ಅವಳಿಗಿಂತ ಒಂದು ವರ್ಷ ಚಿಕ್ಕವರು. ಟೇಪಕ್ಕ ಎನ್ನುತ್ತಿದ್ದರು, ಅದರಲ್ಲಿ ಪ್ರೀತಿ ಎಷ್ಟು ತಮಾಷೆ ಎಷ್ಟು ಎಂದು ಅವಳು ಲೆಕ್ಕ ಹಾಕಲು ಹೋಗಿರಲಿಲ್ಲ. ಎರಡನೇ ಅವಕಾಶದವಳಾದ್ದರಿಂದ ಅವಳ ಸರದಿ ಕೊನೆಗೆ. ಒಬ್ಬೊಬ್ಬರೇ ಒಳಗೆ ಹೋಗಿ ಹತ್ತೇ ನಿಮಿಷದಲ್ಲಿ ಹಲ್ಲು ಕಿರಿಯುತ್ತ ಹೊರಗೆ ಬರುತ್ತಿದ್ದರು. ಅವಳ ರೂಮಿನ ಜೊತೆಗಾತಿ ಎಂಟನೆಯವಳು. ಹೊರಗೆ ಬಂದವಳೇ ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿ ಪಿಸುಗುಟ್ಟಿದಳು.

"ಪ್ರಿನ್ಸಿಪಾಲೇ ಟೇಪಕ್ಕ. ಎಡ ಅಂತ ಹೇಳಿ ಬಂದ್ಬಿಡು."

ಟೇಪುವಿನ ಭುಜದಿಂದ ಒಂದು ಮೂಟೆ ಇಳಿದಂತಾಯಿತು. ಅವಳು ಪಾಸಾಗಿದ್ದಳು. ಇನ್ನು ಒಳಗೆ ಹೋಗಿ ಬರುವುದೊಂದೇ ಬಾಕಿ.

ಒಳಗಿನ ಅಂಗಳದಲ್ಲಿ ಲಾಯದಿಂದ ಹುಲ್ಲಿನ ಗೋದಾಮಿನವರೆಗೆ ಮೂವತ್ತು ಮೀಟರಿನ ಕಾಂಕ್ರೀಟು ದಾರಿ. ಮೇಜಿನ ಹಿಂದೆ ಪ್ರೊಫೆಸರು. ಕೊರಳಲ್ಲಿ ಸದಾ ಸ್ಟಾಪ್‌ವಾಚು ನೇತಾಡುತ್ತಿದ್ದದ್ದರಿಂದ ಹುಡುಗರು ಅವರನ್ನು ಗಡಿಯಾರ ಅನ್ನುತ್ತಿದ್ದರು. ಎರಡನೇ ಅವಕಾಶದವರಿಗೆ ಹೊರಗಿನ ಪರೀಕ್ಷಕರೂ ಇರಬೇಕೆಂಬ ನಿಯಮ. ಹಾಗಾಗಿ ಬೇರೆ ವಿಶ್ವವಿದ್ಯಾಲಯದ ಒಬ್ಬ ಗಿಡ್ಡ ಹೆಂಗಸು ಆಗಷ್ಟೇ ಮೌಖಿಕ ಪರೀಕ್ಷೆಯ ಕೋಣೆಯಿಂದ ಬಂದು ಕೂತಿದ್ದರು. ಕಾಲಲ್ಲಿ ಕೆಸರು ಹತ್ತಿದ ರಬ್ಬರ್ ಬೂಟು. ಹಗ್ಗ ಹಿಡಿದು ನಿಂತವಳು ದೊಡ್ಡಮ್ಮ. ಪರೀಕ್ಷೆಯಲ್ಲಿ ಹಗ್ಗ ಹಿಡಿದವರು ತುಟಿ ಬಿಚ್ಚುವಂತಿಲ್ಲ. ಅವಳ ಮುಖ ಗೋಡೆಯಂತಿತ್ತು.

ಗಡಿಯಾರ ವಾಚು ಒತ್ತಿದರು. ಹನ್ನೆರಡು ನಿಮಿಷ.

ಪ್ರಿನ್ಸಿಪಾಲ ಓಡಿದ. ತಲೆ ಚೆನ್ನಾಗಿಯೇ ಆಡುತ್ತಿತ್ತು, ಎಡ ಊರಿದಾಗ ಕೆಳಗೆ, ಬಲ ಊರಿದಾಗ ಮೇಲೆ. ಎಡ ಎಂದು ಮೊದಲೇ ತಿಳಿದು ಬಂದವರಿಗೆ ಎಡಗಾಲಿನ ಮೇಲೆ ತಲೆ ಬಗ್ಗಿಸುವುದು ಕಂಡರೆ ಸಾಕು, ಉತ್ತರಕ್ಕೆ ಸಾಕ್ಷಿ ಸಿಕ್ಕಂತೆ. ಟೇಪುವಿಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆದರೆ ವರ್ಷದ ಅಭ್ಯಾಸ. ಕುದುರೆ ತಿರುಗಿ ಬರುವಾಗ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಟಕ್, ಟೊಕ್. ಟಕ್, ಟೊಕ್. ಕೂದಲೆಳೆಯ ವ್ಯತ್ಯಾಸವಲ್ಲ, ಕಿವುಡರಿಗೂ ಕೇಳುವಷ್ಟು. ಆ ಸಣ್ಣ ಸದ್ದಿಗೆ ಕಣ್ಣು ಬಿಟ್ಟಳು. ನೆಲದ ಮೇಲಿದ್ದದ್ದು ಬಲ ಮುಂಗಾಲು. ತಲೆ ಮೇಲಕ್ಕೆ ಹೋಗುತ್ತಿದ್ದದ್ದೂ ಆಗಲೇ.

ಎಡ ಎನ್ನಲು ಎರಡೇ ಅಕ್ಷರ ಸಾಕಿತ್ತು. ದೊಡ್ಡಮ್ಮನತ್ತ ನೋಡಿದಳು. ದೊಡ್ಡಮ್ಮ ಗೋದಾಮಿನ ತಗಡಿನ ಮೇಲಿದ್ದ ಪಾರಿವಾಳಗಳನ್ನು ನೋಡುತ್ತಿದ್ದಳು.

"ಬಲ ಮುಂಗಾಲು," ಅಂದಳು ಟೇಪು.

ಗಡಿಯಾರ ಪೆನ್ನು ಎತ್ತಿದವರು ಹಾಗೇ ನಿಂತರು. ಅವರು ಕೆಟ್ಟವರಲ್ಲ. ಥಿಯರಿಯಲ್ಲಿ ಮೊದಲನೆಯವಳಾದ ಹುಡುಗಿಯನ್ನು ಮನೆಗೆ ಕಳಿಸುವುದು ಅವರಿಗೂ ಬೇಕಿರಲಿಲ್ಲ. ಗಾಬರಿಯಲ್ಲಿ ಎಡಬಲ ಅದಲುಬದಲಾಗುವುದು ಸಹಜ, ಇನ್ನೊಮ್ಮೆ ಓಡಿಸುತ್ತೇನೆ, ನಿಧಾನವಾಗಿ ನೋಡು ಎಂದರು. ‘ಎಡ’ ಎನ್ನುವಾಗ ಸ್ವಲ್ಪ ಒತ್ತಿಯೇ ಹೇಳಿದರು.

ತಪ್ಪಿಸಿಕೊಳ್ಳುವ ಬಾಗಿಲು ಹಾರು ಹೊಡೆದು ತೆರೆದಿತ್ತು.

"ಇನ್ನೊಮ್ಮೆ ಓಡಿಸೋದು ಬೇಡ ಸರ್," ಅಂದಳು ಟೇಪು. "ಇವತ್ತು ಆಗಲೇ ಒಂಬತ್ತು ಸಲ ಓಡಿದ್ದಾನೆ. ಅವನಿಗೆ ನೋಯ್ತಿದೆ. ಕಾಲು ಮುಟ್ಟಿ ನೋಡ್ತೀನಿ."

ಗಡಿಯಾರ ಫೈಲು ತಿರುಗಿಸಿ ತೋರಿಸಿದರು. ಎಡ ಮುಂಗಾಲು, ಎಕ್ಸ್‌ರೇ ಸಮೇತ. ಅವರ ಉತ್ತರಪತ್ರವೂ ಆ ಫೈಲಿನಿಂದಲೇ ಇಳಿಸಿದ್ದು. ಎಂಟು ಜನಕ್ಕೂ ಅದೇ ಪ್ರಕಾರ ಅಂಕ ಕೊಟ್ಟಾಗಿತ್ತು. ಈಗ ಇವಳೊಬ್ಬಳು ಬಂದು ಎಕ್ಸ್‌ರೇ ಸುಳ್ಳು ಅನ್ನುತ್ತಿದ್ದಾಳೆಯೇ ಎಂದು ಕೇಳಿದರು. ಎಡಗಾಲಿನ ಹಳೇ ನೋವು ಇದ್ದೇ ಇದೆ, ಇವತ್ತು ಬಲಗಾಲಿನದು ಅದನ್ನು ನುಂಗಿ ಹಾಕಿದೆ ಎಂದಳು ಟೇಪು.

ಹೊರಗಿನ ಪರೀಕ್ಷಕಿ ಮೊದಲ ಸಲ ಬಾಯಿ ಬಿಟ್ಟರು. "ಮುಟ್ಟಲಿ ಬಿಡಿ. ಅದೂ ಪರೀಕ್ಷೆಯ ಭಾಗವೇ."

ಟೇಪು ಮಂಡಿಯೂರಿದಳು. ಎಡಗಾಲಿನ ಗೊರಸಿನ ಮೇಲೆ ಹಿಂಗೈ ಇಟ್ಟಳು, ತಣ್ಣಗಿತ್ತು. ಬಲದ್ದು ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯಂತೆ. ಗೊರಸಿನ ಮೇಲಿನ ಗಿಣ್ಣಿನ ಹಿಂದೆ ಬೆರಳಿಟ್ಟು ನಾಡಿ ಹುಡುಕಿದಳು. ಎಡದಲ್ಲಿ ಅದು ಸಿಗುವುದೇ ಕಷ್ಟವಾಯಿತು. ಬಲದಲ್ಲಿ ಹುಡುಕಬೇಕಾಗಲಿಲ್ಲ, ಅದೇ ಬೆರಳಿಗೆ ಬಂದು ಗುದ್ದಿತು. ಉದ್ದ ಹಿಡಿಯ ಇಕ್ಕಳ ತೆಗೆದುಕೊಂಡು ಗೊರಸಿನ ಅಂಚನ್ನು ಇಷ್ಟಿಷ್ಟೇ ಒತ್ತುತ್ತ ಬಂದಳು. ಇಲ್ಲಿಲ್ಲ. ಇಲ್ಲಿಲ್ಲ. ತುದಿಯಿಂದ ಎರಡು ಬೆರಳಿನಷ್ಟು ಒಳಮಗ್ಗುಲಿಗೆ ಒತ್ತಿದಾಗ ಏಳು ವರ್ಷದಲ್ಲಿ ಯಾರ ಮಾತಿಗೂ ಕದಲದ ಪ್ರಿನ್ಸಿಪಾಲ ಕಾಲನ್ನು ಕಿತ್ತುಕೊಂಡು ಅವಳನ್ನು ಹಿಂದಕ್ಕೆ ತಳ್ಳಿದ. ಕುಂಡೆಯೂರಿ ಬಿದ್ದಳು. ಅಲ್ಲಿಂದಲೇ ಹೇಳಿದಳು, "ಕೀವು ಕಟ್ಟಿದೆ ಸರ್. ಗೊರಸಿನ ಒಳಗೆ."

ಹನ್ನೆರಡು ನಿಮಿಷ ಮುಗಿಯಿತು ಎಂದರು ಗಡಿಯಾರ. ಪರೀಕ್ಷಕಿ ಎದ್ದು ಬಂದರು. ವಾಚನ್ನು ಜೇಬಿಗೆ ಹಾಕಿಕೊಳ್ಳಿ ಎಂದು ಅವರಿಗೆ ಹೇಳಿ, ತಾವೇ ಬಗ್ಗಿ ನಾಡಿ ಮುಟ್ಟಿ ನೋಡಿದರು. ಸಲಕರಣೆಯ ಪೆಟ್ಟಿಗೆಯಿಂದ ಗೊರಸು ಕೆತ್ತುವ ಬಾಗು ಚಾಕು ತೆಗೆದು ಟೇಪುವಿನ ಮುಂದೆ ಹಿಡಿದರು.

ದೊಡ್ಡಮ್ಮ ಕುದುರೆಯ ತಲೆಯನ್ನು ಎದೆಗೆ ಒತ್ತಿಕೊಂಡಳು. ಟೇಪು ಗೊರಸನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡಳು. ಅದರ ತಳ ಉಜ್ಜಿದಾಗ ಬಿಳಿ ಅಂಚಿನಲ್ಲಿ ಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ ಕಂಡಿತು. ಅದರ ಬೆನ್ನು ಹತ್ತಿ ಚೂರುಚೂರೇ ಕೆತ್ತಿದಳು. ಬೆವರು ಕಣ್ಣಿಗೆ ಇಳಿಯಿತು, ಒರೆಸಲು ಕೈ ಖಾಲಿ ಇರಲಿಲ್ಲ. ಐದನೆಯದೋ ಆರನೆಯದೋ ಚೂರಿಗೆ ಬೂದು ಬಣ್ಣದ ನೀರು ಚಿಮ್ಮಿ ಅವಳ ತೋಳಿನ ಮೇಲೆ ಹಾರಿತು. ಹಿಂದೆಯೇ ಕಪ್ಪಗೆ, ಗಟ್ಟಿಯಾಗಿ ಇನ್ನಷ್ಟು. ವಾಸನೆಗೆ ಮೇಜಿನ ಹಿಂದಿದ್ದ ಗಡಿಯಾರ ಕೂಡ ಮೂಗು ಮುಚ್ಚಿಕೊಂಡರು. ಟೇಪುವಿಗೆ ಜೀವನದಲ್ಲಿ ಅಷ್ಟು ಒಳ್ಳೆಯ ವಾಸನೆ ಸಿಕ್ಕಿರಲಿಲ್ಲ.

ಕಾಲು ಬಿಟ್ಟಳು. ಪ್ರಿನ್ಸಿಪಾಲ ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿದ. ಸ್ವಲ್ಪ ಯೋಚಿಸಿದ. ಆಮೇಲೆ ಪೂರ್ತಿ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ಲಾಯ ಅದುರುವಂತೆ ಮೂಗಿನಿಂದ ಗಾಳಿ ಬಿಟ್ಟ.

ಹಗ್ಗ ಹಿಡಿದವರಿಗೆ ಈಗ ಏನಾದರೂ ಹೇಳುವುದಿದೆಯೇ ಎಂದು ಪರೀಕ್ಷಕಿ ಕೇಳಿದರು. ಬೆಳಿಗ್ಗೆಯೇ ಹೇಳಿದ್ದೆ ಎಂದಳು ದೊಡ್ಡಮ್ಮ. ಈತ ಬಲಗಾಲು ಊರುತ್ತಿಲ್ಲ ಅಂದಿದ್ದಕ್ಕೆ ಸಾಹೇಬರು, ಕುಂಟುತ್ತಾನೆ ಅಂತಲೇ ತಾನೇ ಅವನನ್ನು ಇಟ್ಟುಕೊಂಡಿರೋದು, ಅಂದರಂತೆ. ಗಡಿಯಾರ ಫೈಲಿನೊಳಗೆ ಏನನ್ನೋ ಬಹಳ ಹೊತ್ತು ಹುಡುಕಿದರು.

ಆಮೇಲೆ ಅವರು ಒಂದು ಕೆಲಸ ಮಾಡಿದರು, ಅದನ್ನು ಟೇಪು ಕೊನೆಯವರೆಗೂ ಅವರ ಜಮೆಯ ಲೆಕ್ಕಕ್ಕೇ ಬರೆದಳು. ಉತ್ತರಪತ್ರ ತೆಗೆದು ‘ಎಡ’ಕ್ಕೆ ಗೀಟು ಎಳೆದು ‘ಬಲ’ ಎಂದು ಬರೆದು ಸಹಿ ಹಾಕಿದರು. ಎಂಟು ಜನರ ಅಂಕದ ಹಾಳೆಗಳನ್ನು ಒಂದೊಂದಾಗಿ ಹೊಡೆದು ಹಾಕಿದರು. ನಾಳೆ ಬೇರೆ ಕಡೆಯಿಂದ ಕುದುರೆ ತರಿಸಿ ಮರುಪರೀಕ್ಷೆ ಎಂದರು. ಒಂಬತ್ತನೇ ಹಾಳೆಯಲ್ಲಿ ಐವತ್ತಕ್ಕೆ ಐವತ್ತು ಬರೆದು ಪರೀಕ್ಷಕಿಯತ್ತ ತಳ್ಳಿದರು. ಅವರು ಸಹಿ ಹಾಕಿ, ಓದು ಮುಗಿದ ಮೇಲೆ ಎಲ್ಲಿಗೆ ಎಂದು ಕೇಳಿದರು. ಗೊತ್ತಿಲ್ಲ ಎಂದಳು ಟೇಪು. ನಮ್ಮ ಕುದುರೆ ಆಸ್ಪತ್ರೆಗೆ ಅರ್ಜಿ ಹಾಕು, ಆದರೆ ಆ ಅಂಗಿ ಬದಲಾಯಿಸಿಕೊಂಡು ಬಾ ಎಂದರು ಅವರು.

ಕಾರಿಡಾರಿನಲ್ಲಿ ಮರುಪರೀಕ್ಷೆಯ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಎಂಟೂ ಜನ ಅವಳ ಮೇಲೆ ಮುಗಿಬಿದ್ದರು. ಬಾಯಿಗೆ ಬಂದಂತೆ ಬೈದರು. ನಿನಗೇನು ಮಹಾ ಅವಸರವಿತ್ತು, ಎಡ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಈಗ ನಮ್ಮ ಗತಿ ಏನು ಎಂದರು. ಜೊತೆಗಾತಿಯಂತೂ ಹಳದಿ ಪುಸ್ತಕವನ್ನು ನೆಲಕ್ಕೆ ಕುಕ್ಕಿ ಗೋಡೆಗೆ ಮುಖ ಮಾಡಿ ನಿಂತಳು. ಟೇಪು ತೋಳಿನ ಕೀವು ಒರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ನಗು ತಡೆಯಲು ಆಗಲಿಲ್ಲ. ಅವಳು ನಕ್ಕದ್ದು ನೋಡಿ ಅವರಿಗೆ ಇನ್ನೂ ರೇಗಿತು. ಬೈಗುಳದ ದಾಸ್ತಾನು ಮುಗಿದ ಮೇಲೆ ಜೊತೆಗಾತಿ ಮುಖ ತಿರುಗಿಸದೆಯೇ ಕೇಳಿದಳು.

"ನಿಂಗೆ ಹೇಗೆ ಗೊತ್ತಾಯ್ತು?"

"ಬಾ, ತೋರಿಸ್ತೀನಿ," ಅಂದಳು ಟೇಪು.

ಲಾಯದಲ್ಲಿ ದೊಡ್ಡಮ್ಮ ಪ್ರಿನ್ಸಿಪಾಲನ ಕಾಲನ್ನು ಬಿಸಿ ಉಪ್ಪುನೀರಿನ ಬಕೆಟ್ಟಿನಲ್ಲಿ ನೆನೆಸಿ ನಿಲ್ಲಿಸಿದ್ದಳು. ಬಾಗಿಲು ಹಾಕ್ಕೊಂಡು ಬನ್ನಿ ಎಂದು ಗದರಿದಳು. ಎಂಟು ಜನ ಸಾಲಾಗಿ ನಿಂತರು, ಕೊನೆಯವನು ಹೋಗಿ ಬಾಗಿಲು ಹಾಕಿ ಬಂದ. ಟೇಪು ಜೊತೆಗಾತಿಯ ಎರಡು ಬೆರಳು ಹಿಡಿದು ಆ ಕಾಲಿನ ಗಿಣ್ಣಿನ ಹಿಂದೆ ಇಟ್ಟು, ಕೀವು ಹೋಗಿ ನಾಡಿ ಮೆತ್ತಗಾಗಿದೆ, ಒತ್ತಬೇಡ, ಸುಮ್ಮನೆ ಇಟ್ಟುಕೊಂಡಿರು ಎಂದಳು. ಜೊತೆಗಾತಿ ಮುಖ ಗಂಟಿಕ್ಕಿಕೊಂಡು ಕಾದಳು. ಏನೂ ಇಲ್ಲ ಅಂದಳು. ಇರು ಅಂದಳು ಟೇಪು. ಮತ್ತೆ ಸ್ವಲ್ಪ ಹೊತ್ತಿಗೆ ಅವಳ ಗಂಟು ಬಿಚ್ಚಿತು, ಹುಬ್ಬು ಮೇಲೇರಿತು.

"ಸಿಕ್ತು," ಅಂದಳು.

"ಸರಿ. ಏಳು," ಅಂದಳು ಟೇಪು. "ಮುಂದಿನವರು."