ಮಡಿಲು ಒದ್ದೆಯಾದ ದಿನ

ಹೊಲಿಗೆ ಅಂಗಡಿಯಲ್ಲಿ ಕುರ್ಚಿಗೇನೂ ಬರವಿರಲಿಲ್ಲ. ಆದರೂ ಪುಟ್ಟಿ ನಿಂತೇ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಕೂತರೆ, ಎದ್ದಾಗ ತಿರುಗಿ ಕುರ್ಚಿಯನ್ನು ನೋಡಬೇಕಾಗುತ್ತದೆ. ಹಾಗೆ ನೋಡುವುದನ್ನು ಯಾರಾದರೂ ನೋಡಿಬಿಟ್ಟರೆ ಎಂಬ ಅಂಜಿಕೆ. ಧಾರಾಳವಾಗಿ ನೀರು ಕುಡಿ ಎಂದು ಡಾಕ್ಟರು ಹೇಳಿದ್ದರೂ ಬೆಳಗಿನಿಂದ ಒಂದು ಗುಟುಕು ಇಳಿಸಿರಲಿಲ್ಲ. ಕುಡಿದರೆ ತಾನೆ ಸೋರುವುದು ಎಂಬುದು ಅವಳ ಹಳೆಯ ಲೆಕ್ಕಾಚಾರ.

"ನಿಂತು ನಿಂತು ಕಾಲು ಬೇರು ಬಿಟ್ಟೀತು, ಕೂತ್ಕೊಳ್ಳೇ," ಎಂದಳು ಅತ್ತಿಗೆ.

ಅಂಗಡಿ ಅತ್ತಿಗೆಯದು. ಬಾಯಿ ಅವಳ ಕತ್ತರಿಗಿಂತ ಹರಿತ. ಆದರೆ ಪುಟ್ಟಿಯ ಒದ್ದೆ ಬಟ್ಟೆಗಳನ್ನು ಮೂಗು ಮುರಿಯದೆ ಒಗೆದವಳು ಮನೆಯಲ್ಲಿ ಅವಳೊಬ್ಬಳೇ.

ಚೊಚ್ಚಲ ಹೆರಿಗೆಯಲ್ಲಿ ಪುಟ್ಟಿ ದಿನಗಟ್ಟಲೆ ನೋವು ತಿಂದಿದ್ದಳು. ಕೂಸು ಉಸಿರಿಲ್ಲದೆ ಬಂತು. ಸಿಕ್ಕಿಕೊಂಡಿದ್ದ ಅದರ ತಲೆ ಒತ್ತಿ ಒತ್ತಿ ಮೂತ್ರಚೀಲದಲ್ಲಿ ತೂತು ಬಿದ್ದು, ಅಂದಿನಿಂದ ಹಗಲು ರಾತ್ರಿಯೆನ್ನದೆ ಸೋರತೊಡಗಿತು. ಗಂಡನೆನಿಸಿಕೊಂಡ ಪುಣ್ಯಾತ್ಮ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ತವರಿನ ಬಾಗಿಲಲ್ಲಿ ಇಳಿಸಿ ಹೋದ. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಹಿತ್ತಲ ಕೋಣೆಯೇ ಅವಳ ಲೋಕವಾಯಿತು. ತಾನು ಸತ್ತರೆ ಎಲ್ಲರಿಗೂ ಬಿಡುಗಡೆ ಎಂದು ಅನ್ನಿಸುತ್ತಿತ್ತು. ಒಂದು ದಿನ ಅದನ್ನು ಅತ್ತಿಗೆಗೆ ಹೇಳಿಯೂಬಿಟ್ಟಳು. ಆವತ್ತು ಅತ್ತಿಗೆ ಜೋರು ಮಾಡಲಿಲ್ಲ. ತನ್ನ ಹಾಸಿಗೆ ತಂದು ಅದೇ ಕೋಣೆಯಲ್ಲಿ ಹಾಸಿಕೊಂಡಳು. ಇದಕ್ಕೂ ಹೊಲಿಗೆ ಹಾಕುವ ಆಸ್ಪತ್ರೆಯಿದೆ ಎಂದು ಅವರಿವರನ್ನು ಕೇಳಿ ತಿಳಿದು, ಕರೆದುಕೊಂಡು ಹೋದಳು. ಗಾಯ ಕೂಡಿಕೊಂಡಿತು, ಸೋರುವುದು ನಿಂತಿತು. ಭಯ ಮಾತ್ರ ನಿಲ್ಲಲಿಲ್ಲ.

"ಒಂದು ಹನಿ ಬಿದ್ರೂ ಆ ಕೋಣೆಗೆ ಹೋಗಿ ಚಿಲಕ ಹಾಕ್ಕೊಳ್ತೀನಿ. ಆಮೇಲೆ ನನ್ನ ಕರೀಬಾರ್ದು," ಎಂದು ಮಾತು ತೆಗೆದುಕೊಂಡೇ ಅವಳು ಇವತ್ತು ಅಂಗಡಿಗೆ ಬಂದದ್ದು.

ಅಷ್ಟರಲ್ಲಿ ಎದುರುಮನೆಯಾಕೆ ಅಳತೆ ಕೊಡಲು ಬಂದಳು, ಕಂಕುಳಲ್ಲಿ ಕೂಸು. "ಒಂಚೂರು ಹಿಡ್ಕೊಳಮ್ಮ," ಎಂದು ಪುಟ್ಟಿಯ ಕೈಗೆ ಹಾಕಿದಳು. ಬೀಳಿಸಿಯೇನು ಎಂದು ಹೆದರಿ ಪುಟ್ಟಿ ಕುರ್ಚಿಯಲ್ಲಿ ಕೂತಳು. ಕೂಸು ಅವಳ ಕೊರಳಲ್ಲಿದ್ದ ಅಳತೆಯ ಟೇಪು ಚೀಪತೊಡಗಿತು. ಅದರ ನೆತ್ತಿ ಮೂಸಿದಳು. ಹಾಯೆನಿಸಿತು.

ಆಗ ತೊಡೆ ಬೆಚ್ಚಗಾಯಿತು.

ಪುಟ್ಟಿ ಧಡಕ್ಕನೆ ಎದ್ದಳು. ಕೂಸನ್ನು ತಾಯಿಯ ಕೈಗೆ ತುರುಕಿ ಒಳಗಿನ ಬಚ್ಚಲಿಗೆ ಓಡಿ ಬಾಗಿಲು ಹಾಕಿಕೊಂಡಳು. ಬಿಚ್ಚಿಹೋಯಿತು, ಹಾಕಿದ ಹೊಲಿಗೆಯೆಲ್ಲ ಬಿಚ್ಚಿಹೋಯಿತು ಎಂದು ಗೋಡೆಗೆ ಹಣೆ ಒತ್ತಿ ನಿಂತಳು.

ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಉಗುಳಿ ಅತ್ತಿಗೆ ಬಂದು ಬಾಗಿಲು ತಟ್ಟಿದಳು. "ಪುಟ್ಟೀ, ಬಟ್ಟೆ ಮುಟ್ಟಿ ನೋಡು."

"ನೋಡೋದೇನಿದೆ ಅತ್ತಿಗೆ. ನಂಗೊತ್ತು."

"ದರ್ಜಿ ತಾನೆ ನೀನು? ಕಲೆ ಒಳಗಿಂದ ಬಂತೋ ಹೊರಗಿಂದ ಬಂತೋ, ತಿರುವಿ ನೋಡ್ದೆ ಹೇಳ್ತೀಯಾ? ನೋಡು."

ಪುಟ್ಟಿ ಲಂಗ ತಿರುವಿದಳು. ಮುಂಭಾಗದಲ್ಲಿ, ತೊಡೆಯ ಮೇಲೆ ಒದ್ದೆ. ಒಳಲಂಗದ ಮೇಲೆ ಅಲ್ಲೇ ತುಸು ತೇವ. ಹಿಂಭಾಗ ಒಣಗಿಯೇ ಇತ್ತು. ಒಳಬಟ್ಟೆಯೂ ಒಣಗಿಯೇ ಇತ್ತು. ನಂಬಿಕೆ ಬಾರದೆ ಮತ್ತೆ ಮುಟ್ಟಿದಳು.

"ಕೂಸು ಮಾಡಿದ್ದು ಕಣೇ." ಅತ್ತಿಗೆಯ ದನಿ ಒಡೆದಿತ್ತು. "ಅದರ ತಾಯಿ ನಾಚ್ಕೊಂಡು ನಿಂತಿದಾಳೆ."

ಪುಟ್ಟಿ ಅಲ್ಲೇ ಕುಸಿದು ಕೂತಳು. ತಾನು ಹೆತ್ತದ್ದು ಒಮ್ಮೆಯೂ ತನ್ನ ಮಡಿಲು ಒದ್ದೆ ಮಾಡಲಿಲ್ಲವಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ವರ್ಷ ತನ್ನ ನಾರುವ ಮೈಗಾಗಿ ಅಳುವುದರಲ್ಲೇ ಕಣ್ಣೀರು ಮುಗಿದುಹೋಗುತ್ತಿತ್ತು. ಆ ಕೂಸಿಗಾಗಿ ಅತ್ತದ್ದು ಇದೇ ಮೊದಲು.

ಹೊರಗೆ ಬಂದಾಗ ಎದುರುಮನೆಯಾಕೆ ತಡವರಿಸಿದಳು. "ತಪ್ಪು ತಿಳ್ಕೋಬೇಡಮ್ಮ, ಬಟ್ಟೆ ಹಾಳಾಯ್ತು."

"ಒಗೆದ್ರೆ ಹೋಗತ್ತೆ," ಎಂದು ಪುಟ್ಟಿ ಕೈ ಚಾಚಿದಳು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಅದೇ ಕುರ್ಚಿಯಲ್ಲಿ ಕೂತಳು. "ಅತ್ತಿಗೆ, ಒಂದು ಲೋಟ ನೀರು ಕೊಡ್ತೀರಾ?"

ಅತ್ತಿಗೆ ತುಂಬಿದ ಚೊಂಬನ್ನೇ ತಂದಿಟ್ಟಳು.