ಖಾಲಿ ಕಟ್ಟಡದ ನೆರಳು

ಗಂಡನ ಅಂಗಿಯ ಕಾಲರನ್ನು ಎಳೆದು ಹಿಡಿದು ಅವಳು ಇಸ್ತ್ರಿಪೆಟ್ಟಿಗೆಯನ್ನು ಒತ್ತಿದಳು. ಹೆಣ ತೊಳೆದಾಗಿತ್ತು; ಅಂಗಿ ತೊಡಿಸುವುದೊಂದೇ ಬಾಕಿ.

"ಸಾಕು ಬಿಡಕ್ಕಾ, ಮಣ್ಣಿಗೆ ಹೋಗೋದಕ್ಕೆ ಇಸ್ತ್ರಿ ಯಾಕೆ?" ಎಂದ ತಮ್ಮ.

"ಊರೋರ ಬಟ್ಟೆಯೆಲ್ಲ ಗರಿಗರಿ ಮಾಡಿದೋರು. ಸುಕ್ಕು ಅಂಗೀಲಿ ಕಳಿಸಲಾ?"

ಬೀದಿಯವರಿಗೆಲ್ಲ ಅವನು ಗರಿಗರಿ ಮಾಮ. ನಿನ್ನೆ, ಅವನು ಇಸ್ತ್ರಿ ಮಾಡುತ್ತಿದ್ದ ಖಾಲಿ ಕಟ್ಟಡದ ಬಾಗಿಲ ಮೇಲಿನ ಸಜ್ಜಾ ಕಳಚಿ ಅವನ ಮೇಲೆ ಬಿದ್ದಿತ್ತು.

ಅಂಗಳದಲ್ಲಿ ಕಟ್ಟಡದ ಸಾಹುಕಾರ ನಗರಸಭೆಯ ಅಧಿಕಾರಿಗೆ ಹೇಳುತ್ತಿದ್ದುದು ಕಿಟಕಿಯಲ್ಲಿ ಕೇಳಿಸಿತು. "ಯಾರನ್ನೂ ಕೇಳ್ದೆ ನುಗ್ಗಿ ಕೂತಿದ್ದ ಸರ್. ಬೇಡ ಅಂತ ಎಷ್ಟು ಸಲ ಹೇಳಿದೆ. ಪಾಪ, ಹಣೆಬರಹ."

ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ. ಈ ನಾಲಿಗೆಗೆ ನಾಚಿಕೆಯೂ ಇರಲಿಲ್ಲ. ಬಂದವರಲ್ಲಿ ಒಬ್ಬಿಬ್ಬರು ಹೌದೆಂದು ತಲೆಯಾಡಿಸಿದರು. ಜೀವ ಹೋಗಿದ್ದು ಸಾಲದೆ ಗಂಡನ ಹೆಸರೂ ಮಣ್ಣಾಗುತ್ತಿದೆಯಲ್ಲ ಎಂದುಕೊಂಡು ಅವಳು ಅಂಗಿಯ ಜೇಬಿನ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ಇನ್ನೊಮ್ಮೆ ಒತ್ತಿದಳು.

*

ಹೋದ ಬೇಸಿಗೆಯಲ್ಲಿ ಸಾಹುಕಾರ ತಾನಾಗಿಯೇ ಇವರ ಬಾಗಿಲಿಗೆ ಬಂದಿದ್ದ.

"ಬಿಸಿಲಲ್ಲಿ ಯಾಕೆ ಬೇಯ್ತೀಯ ಮಾರಾಯಾ? ನನ್ನ ಕಟ್ಟಡದಲ್ಲಿ ಇಸ್ತ್ರಿ ಗಾಡಿ ಇಟ್ಕೋ. ಬಾಡಿಗೆ ಬೇಡ. ಹಗಲೆಲ್ಲ ಬಾಗಿಲು ತೆಗೆದಿಟ್ಟಿರು, ಅಷ್ಟೇ."

"ಸಜ್ಜಾ ಬಿರುಕು ಬಿಟ್ಟಿದೆಯಲ್ಲ ಸಾಹುಕಾರ್ರೇ?"

"ಮಾಡಿಸೋಣ, ನಿಧಾನಕ್ಕೆ. ಖಾಲಿ ಬಿದ್ದಿದ್ರೆ ರಿಪೇರಿ ಮಾಡಿಸು, ಇಲ್ಲ ಕೆಡವು ಅಂತ ನಗರಸಭೆಯೋರು ಜೀವ ತಿಂತಾರೆ. ಒಳಗೆ ಜನ ಇದಾರೆ ಅಂದ್ರೆ ಸುಮ್ನಾಗ್ತಾರೆ."

"ನೆರಳು ಕೊಟ್ಟ ಪುಣ್ಯಾತ್ಮ ಕಣೇ," ಎಂದಿದ್ದ ಗಂಡ, ಊಟಕ್ಕೆ ಕೂತಾಗ. ಅವಳೂ ಹಿಗ್ಗಿದ್ದಳು. ಹಿಗ್ಗದೆ ಏನು ಮಾಡುತ್ತಾಳೆ, ಬಿಸಿಲಿಗೆ ಅವನ ಮುಖವೆಲ್ಲ ಸುಟ್ಟು ಕಪ್ಪಾಗಿತ್ತು.

*

ಹೆಣವನ್ನು ಅಂಗಳಕ್ಕೆ ತಂದರು. ಸಾಹುಕಾರ ಬಂದು ಕೈಮುಗಿದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದ.

"ಆ ಬಾಗಿಲಿನ ಬೀಗದ ಕೈ ನಿನ್ನ ಹತ್ರ ಇರ್ಬೇಕಲ್ಲಮ್ಮ. ಸದ್ದಿಲ್ದೆ ಕೊಟ್ಬಿಡು. ಮುಂದೆ ನಿನಗೊಂದು ದಾರಿ ಮಾಡ್ತೀನಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು.

"ನೀವೇ ಅವರಿಗೆ ಕೊಟ್ರಲ್ಲ, ಆ ಬೀಗದ ಕೈಯಾ ಸಾಹುಕಾರ್ರೇ?" ಅವಳ ಮಾತು ಗೇಟಿನವರೆಗೂ ಕೇಳಿಸಿತು. "ಪರರ ವಸ್ತು ಅಂತ ಯಾವಾಗ್ಲೂ ಜೇಬಲ್ಲೇ ಇಟ್ಕೊಂಡಿರ್ತಿದ್ರು. ಈಗ್ಲೂ ಅಲ್ಲೇ ಹಾಕಿದೀನಿ. ತಗೊಳ್ಳಿ."

ಹೆಣ ಎತ್ತಲು ಬಗ್ಗಿದ್ದವರು ಹಾಗೇ ನಿಂತರು. ಹೊರಟಿದ್ದ ಅಧಿಕಾರಿ ಗೇಟಿನಿಂದ ಹಿಂದಿರುಗಿ ಬಂದ. ಸಾಹುಕಾರನ ಕೈ ಅರ್ಧಕ್ಕೆ ಚಾಚಿ ನಿಂತಿತ್ತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅದರ ಕೆಳಗೆ, ಒಂದು ಸುಕ್ಕೂ ಇಲ್ಲದ ಜೇಬಿನ ಬಟ್ಟೆಯಲ್ಲಿ, ಬೀಗದ ಕೈಯ ಆಕಾರ ಎದ್ದು ಕಾಣುತ್ತಿತ್ತು.